ಸರ್ಪದೋಷ, ನಾರ್ತ್‌ವಿಲ್, ಮಿಷಿಗನ್

ಸಿಂಧು ಮೊದಲ ಸಲ ಹಾವನ್ನು ಕೈಯಲ್ಲಿ ಹಿಡಿದಾಗ ಅವಳಿಗೆ ನಲವತ್ತೇಳು ವರ್ಷ. ಹಿಡಿದದ್ದು ಪಕ್ಕದೂರು ಲಿವೋನಿಯಾದಲ್ಲಿ, ಡೆನೀಸ್ ಮನೆಯ ಹಳೇ ಸೋಫಾದ ಮೇಲೆ ಕೂತು, ಮಾರ್ಚ್ ತಿಂಗಳ ಒಂದು ಶನಿವಾರ ಮಧ್ಯಾಹ್ನ. ಡೆನೀಸೂ ಅವಳೂ ಅದೇ ಊರಿನ ಲ್ಯಾಬೊಂದರಲ್ಲಿ ಹನ್ನೊಂದು ವರ್ಷದಿಂದ ಅಕ್ಕಪಕ್ಕದ ಬೆಂಚಿನವರು. ಅಂಗಡಿಗೆ ಹೋಗುವ ಚೀಸು, ಮಾಂಸ, ಹೆಚ್ಚಿ ಪ್ಯಾಕ್ ಮಾಡಿದ ಸೊಪ್ಪು, ಇವುಗಳಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಇದೆಯೇ ಅಂತ ನೋಡುವುದು ಕೆಲಸ. ಡೆನೀಸ್ ಮನೆಯಲ್ಲಿ ಹಾವು ಸಾಕುತ್ತಾಳೆ, ಮರಿ ಮಾಡಿಸಿ ಮಾರುತ್ತಾಳೆ ಅನ್ನುವುದು ಲ್ಯಾಬಿಗೆಲ್ಲ ಗೊತ್ತಿದ್ದ ಸಂಗತಿ. ಊಟದ ಹೊತ್ತಿನಲ್ಲಿ ಅವಳು ಫೋಟೋ ತೋರಿಸಲು ಬಂದಾಗಲೆಲ್ಲ ಸಿಂಧು ಮುಖ ತಿರುಗಿಸಿಕೊಂಡು ಮೊಸರನ್ನದ ಡಬ್ಬಿ ಮುಚ್ಚುತ್ತಿದ್ದಳು. ಆ ವಾರ ಮಾತ್ರ ತಿರುಗಿಸಲಿಲ್ಲ. "ಒಂದು ಸಲ ನಿನ್ನ ಮನೆಗೆ ಬಂದು ನೋಡಬಹುದಾ?" ಅಂತ ತಾನೇ ಕೇಳಿದಳು.

ಆ ವಾರ ಆಗಿದ್ದು ಇಷ್ಟು. ಸಿಂಧುವಿನ ಗಂಡ ಕಿಶೋರನ ಅಕ್ಕ ಮಾಳವಿಕಾ ಇರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಅವಳ ಮಗಳು ಸಿಯಾ ಅಲ್ಲೇ ಹುಟ್ಟಿ ಬೆಳೆದ ಹುಡುಗಿ, ಮದುವೆಯಾಗಿ ಎರಡು ವರ್ಷ. ಅವಳಿಗೆ ಮೂರನೇ ತಿಂಗಳಲ್ಲಿ ಗರ್ಭ ನಿಲ್ಲಲಿಲ್ಲ. ಸುದ್ದಿ ಕೇಳಿ ಸಿಂಧು ಅತ್ತಿದ್ದಳು. ಅದು ಹೇಗಿರುತ್ತದೆ ಅಂತ ಅವಳಿಗೆ ಒಂದಲ್ಲ, ಮೂರು ಸಲ ಗೊತ್ತಿತ್ತು. ಎರಡು ದಿನ ಬಿಟ್ಟು ಕಿಶೋರನ ಸೋದರಮಾವ ಚಂದ್ರಮೌಳಿ ಫೋನ್ ಮಾಡಿದರು. ಎಪ್ಪತ್ತಾರು ವರ್ಷದ ನಿವೃತ್ತ ಡಾಕ್ಟರು. ನಲವತ್ತು ವರ್ಷ ಶಿಕಾಗೋ ಜನರ ಹೃದಯ ನೋಡಿದವರು, ಜೊತೆಗೆ ನಮ್ಮವರ ಜಾತಕವನ್ನೂ ನೋಡುವವರು. ಆ ಮನೆತನದಲ್ಲಿ ಅವರು ಅಂದದ್ದಕ್ಕೆ ಎದುರಾಡಿದವರಿಲ್ಲ.

"ಬೇಜಾರು ಮಾಡ್ಕೋಬೇಡಮ್ಮ ಸಿಂಧು," ಅಂದರು. "ನಿನ್ನ ಸರ್ಪದೋಷ ಇನ್ನೂ ಪೂರ್ತಿ ಕಳೆದಿಲ್ಲ. ಈಗ ಅದು ಮನೆತನದ ಮೇಲೆ ತಿರುಗ್ತಾ ಇದೆ. ಪಾಪ, ಆ ಸಿಯಾ ಏನು ಮಾಡಿತ್ತು? ನೀವಿಬ್ಬರೂ ಊರಿಗೆ ಹೋಗಿ ಇನ್ನೊಂದು ಸಂಸ್ಕಾರ ಮಾಡಿಸ್ಕೊಂಡು ಬಂದ್ಬಿಡಿ."

ಸಿಂಧು "ಆಗ್ಲಿ ಮಾವ" ಅಂದು ಫೋನ್ ಇಟ್ಟಳು. ಹದಿನೆಂಟು ವರ್ಷದಿಂದ ಅವಳು ಅನ್ನುತ್ತ ಬಂದದ್ದು ಅದೇ ಎರಡು ಮಾತು.

ಹದಿನೆಂಟು ವರ್ಷದ ಹಿಂದೆ ಅವಳ ಜಾತಕ ನೋಡಿ "ಸರ್ಪದೋಷ" ಅಂದವರು ಚಂದ್ರಮೌಳಿಯವರೇ. ಆಗಿನಿಂದ ಅವಳು ಮಾಡದ ಸೇವೆಯಿಲ್ಲ. ಎರಡು ಸಲ ಊರಿಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿದ್ದಾಯಿತು. ಹಿಟ್ಟಿನಲ್ಲಿ ಹಾವು ಮಾಡಿ, ಅದನ್ನು ಸುಟ್ಟು, ಸೂತಕ ಹಿಡಿದದ್ದಾಯಿತು. ಅರಳಿಕಟ್ಟೆಯಲ್ಲಿ ನಾಗರಕಲ್ಲು ನಿಲ್ಲಿಸಿದ್ದಾಯಿತು. ಇತ್ತ ಆ್ಯನ್ ಆರ್ಬರ್‌ನ ದೊಡ್ಡ ಡಾಕ್ಟರುಗಳು ಐದು ವರ್ಷ ಸೂಜಿ ಚುಚ್ಚಿ, ಅವಳನ್ನೂ ಕಿಶೋರನನ್ನೂ ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿ, ಕೊನೆಗೆ "ಕಾರಣ ಗೊತ್ತಾಗುತ್ತಿಲ್ಲ" ಅಂತ ಬರೆದು ಕೊಟ್ಟರು. ಡಾಕ್ಟರಿಗೆ ಸಿಗದ ಕಾರಣ ನೆಂಟರಿಷ್ಟರಿಗೆಲ್ಲ ಸಿಕ್ಕಿತ್ತು. ಯಾವ ಜನ್ಮದಲ್ಲೋ ಸಿಂಧು ಒಂದು ಹಾವನ್ನು ಕೊಂದಿದ್ದಾಳೆ. ಈ ಜನ್ಮದಲ್ಲಿ ಅವಳು ಹಾವನ್ನು ಟೀವಿಯಲ್ಲಿ ಬಿಟ್ಟರೆ ಬೇರೆಲ್ಲೂ ಸರಿಯಾಗಿ ನೋಡಿರಲೂ ಇಲ್ಲ.

"ಬಿಗಿಯಾಗಿ ಹಿಡೀಬೇಡ," ಅಂದಳು ಡೆನೀಸ್. "ಸುಮ್ಮನೆ ಕೈ ಚಾಚು. ಅದು ನಿನ್ನನ್ನ ಮರದ ಕೊಂಬೆ ಅಂದ್ಕೊಳ್ಳುತ್ತೆ, ಅಷ್ಟೇ."

ಕಾರ್ನ್ ಸ್ನೇಕ್ ಅಂತ ಅದರ ಹೆಸರು. ವಿಷವಿಲ್ಲದ ಜಾತಿ. ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಇಟ್ಟಿಗೆ ಕೆಂಪಿನ ಮಚ್ಚೆ, ಹೊಟ್ಟೆಯ ಕಡೆ ಕಪ್ಪು ಬಿಳಿ ಚೌಕಗಳು. ತಣ್ಣಗೆ, ಜಾರುತ್ತದೆ ಅಂದುಕೊಂಡಿದ್ದಳು ಸಿಂಧು. ಒಣಗಿತ್ತು, ನಯವಾಗಿತ್ತು, ಇಸ್ತ್ರಿ ಮಾಡಿದ ರೇಷ್ಮೆಯ ಅಂಚಿನ ಹಾಗೆ. ಅದು ಮೆಲ್ಲಗೆ ಅವಳ ಮಣಿಕಟ್ಟು ಸುತ್ತಿ, ಬಳೆಯ ಕೆಳಗೆ ತಲೆ ತೂರಿಸಿ, ನಾಲಿಗೆ ಚಾಚಿ ಗಾಳಿ ನೋಡಿತು. ಸಿಂಧುವಿನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ಕಡಿಮೆಯಾಯಿತು.

"ಇದಾ?" ಅಂದಳು ಕನ್ನಡದಲ್ಲೇ. "ಇದಾ ನನ್ನ ಮೇಲೆ ಸಿಟ್ಟು ಮಾಡ್ಕೊಂಡಿರೋದು?"

"ಏನಂದೆ?" ಅಂದಳು ಡೆನೀಸ್.

ಸಿಂಧು ಎಲ್ಲವನ್ನೂ ಹೇಳಿದಳು. ಹನ್ನೊಂದು ವರ್ಷದಲ್ಲಿ ಡೆನೀಸ್‌ಗೆ ಹೇಳದೇ ಇದ್ದದ್ದನ್ನು ಒಂದು ಗಂಟೆಯಲ್ಲಿ ಹೇಳಿ ಮುಗಿಸಿದಳು. ಡೆನೀಸ್ ಅಯ್ಯೋ ಪಾಪ ಅನ್ನಲಿಲ್ಲ. ಎಲ್ಲ ಕೇಳಿ, ಕಾಫಿ ಲೋಟ ಕೆಳಗಿಟ್ಟು, "ಹಾವಿಗೆ ಅಷ್ಟೊಂದು ನೆನಪಿನ ಶಕ್ತಿ ಇಲ್ಲ, ಸಿಂಧು. ನಾನು ಹದಿನಾಲ್ಕು ವರ್ಷದಿಂದ ಊಟ ಹಾಕ್ತಾ ಇದೀನಿ, ನನ್ನ ಗುರುತೂ ಇಲ್ಲ ಅದಕ್ಕೆ" ಅಂದಳು.

ಸಿಂಧು ಜೋರಾಗಿ ನಕ್ಕಳು. ಆಮೇಲೆ ಕೇಳಿದಳು: "ಮರಿ ಮಾಡಿಸೋಕೆ ಏನೇನು ಬೇಕು?"

ಡೆನೀಸ್ ಒಪ್ಪಲಿಲ್ಲ. ಮೊದಲು ಒಂದು ವರ್ಷ ಬರೀ ಸಾಕು ಅಂದಳು. ಹಾವು ತಿನ್ನುವುದು ಯಾವಾಗ, ತಿನ್ನದೇ ಮುನಿಸಿಕೊಳ್ಳುವುದು ಯಾವಾಗ, ಪೊರೆ ಬಿಡುವ ಮುಂಚೆ ಕಣ್ಣು ಹೇಗೆ ಮಂಜಾಗುತ್ತದೆ, ಇದೆಲ್ಲ ಕಲಿ. ಒಂದು ವರ್ಷ ಆದಮೇಲೂ ಇಷ್ಟ ಇದ್ದರೆ ಆಗ ಮಾತಾಡೋಣ ಅಂದಳು. ಹಾಗೆ ಹೇಳಿ, ಎರಡು ವರ್ಷದ ಒಂದು ಹೆಣ್ಣನ್ನೂ ಅದೇ ವಯಸ್ಸಿನ, ಬೇರೆ ಸಂಸಾರದ ಒಂದು ಗಂಡನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಕಾರಿನವರೆಗೆ ತಂದುಕೊಟ್ಟಳು.

ನಾರ್ತ್‌ವಿಲ್‌ನ ಮನೆಯಲ್ಲಿ ಕಿಶೋರ ಗರಾಜಿನ ಬಾಗಿಲಲ್ಲೇ ನಿಂತು ನೋಡಿದ. ಕಾರಿನ ಬ್ರೇಕು ಡಿಸೈನ್ ಮಾಡುವ ಎಂಜಿನಿಯರು. ಶಾಂತ ಸ್ವಭಾವದವನು, ಜಗಳ ಅಂದರೆ ಆಗದು.

"ಹುಚ್ಚು ಹಿಡಿದಿದೆಯಾ ನಿಂಗೆ?" ಅಂದ. "ಚಂದ್ರು ಮಾವಂಗೆ ಗೊತ್ತಾದ್ರೆ ಏನಂತಾರೆ?"

"ಹದಿನೆಂಟು ವರ್ಷ ಇವುಗಳ ಶಾಪ ಹೊತ್ಕೊಂಡು ತಿರುಗಿದೀನಿ ಕಿಶೋರ್. ಶಾಪ ಕೊಟ್ಟೋರ ಮುಖ ನೋಡ್ಬಾರ್ದಾ ನಾನು?"

"ಅದಕ್ಕೆ ಮನೆಗೇ ತರ್ಬೇಕಾ?"

"ಹೂಂ. ಮನೆಗೇ."

ಅವನು ದಾರಿ ಬಿಟ್ಟ. ಆದರೆ ಮರುವಾರ ಸಿಂಧು ಫ್ರಿಜ್ಜಿನ ಮೇಲಿನ ಖಾನೆ ತೆರೆದು, ಹೆಪ್ಪುಗಟ್ಟಿದ ಇಲಿಮರಿಗಳ ಪ್ಯಾಕೆಟ್ಟನ್ನು ತುರಿದ ತೆಂಗಿನಕಾಯಿಯ ಪಕ್ಕ ಇಡಲು ಹೋದಾಗ ಅವನ ಸಹನೆಯ ಕಟ್ಟೆ ಒಡೆಯಿತು. "ನಮ್ಮನೇಲಿ ಮೊಟ್ಟೆ ಸಹ ತರಲ್ಲ, ನೀನು ಇಲಿ ತರ್ತೀಯಾ?" ಅಂತ ಕೂಗಿದ. ಇದರಲ್ಲಿ ನ್ಯಾಯವಿದೆ ಅನ್ನಿಸಿ ಸಿಂಧು ಬೇಸ್‌ಮೆಂಟಿಗೆ ಅಂತಲೇ ಒಂದು ಪುಟ್ಟ ಫ್ರೀಜರ್ ತಂದಳು. ಅದನ್ನು ಕೆಳಗೆ ಇಳಿಸಲು ಕಿಶೋರನೇ ಕೈ ಹಾಕಿದ. ಡಬ್ಬಿಗಳ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ದೂರದಿಂದ ಕೈ ಮುಗಿಯುತ್ತಿದ್ದ. ಹೆಣ್ಣು ಹಾವಿಗೆ ಅವನಿಟ್ಟ ಹೆಸರು "ಅಮ್ಮೋರು". ಸಿಂಧು ಡಬ್ಬಿಯ ಮೇಲೆ ಅಂಟಿಸಿದ್ದು ಬರೀ "ಹೆಣ್ಣು – 1" ಅಂತ.

ಊರಿಗೆ ಹೋಗಿ ಮಾಡಿಸಬೇಕಾದ ಸಂಸ್ಕಾರ ಆಗಲಿಲ್ಲ. ಚಂದ್ರಮೌಳಿ ಮೂರು ಸಲ ಫೋನ್ ಮಾಡಿ ಕೇಳಿದರು. ಸಿಂಧು ಮೂರು ಸಲವೂ "ರಜ ಇಲ್ಲ ಮಾವ" ಅಂದಳು. ರಜ ಇತ್ತು.

ಒಂದು ವರ್ಷದಲ್ಲಿ ಅವಳು ಕಲಿತಳು. ನವೆಂಬರಿನಲ್ಲಿ ಡೆನೀಸ್ ಹೇಳಿದಂತೆ ಎರಡಕ್ಕೂ ಊಟ ನಿಲ್ಲಿಸಿ, ಹೊಟ್ಟೆ ಖಾಲಿಯಾಗಲು ಬಿಟ್ಟು, ಬೇಸ್‌ಮೆಂಟಿನ ತಣ್ಣನೆಯ ಮೂಲೆಯಲ್ಲಿ ಐವತ್ತೈದು ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಚಳಿಗಾಲದ ನಿದ್ದೆಗೆ ಹಾಕಿದಳು. ಫೆಬ್ರವರಿ ಕೊನೆಗೆ ಎಬ್ಬಿಸಿ, ಬೆಚ್ಚಗೆ ಮಾಡಿ, ಊಟ ಕೊಟ್ಟಳು. ಏಪ್ರಿಲ್‌ನಲ್ಲಿ ಹೆಣ್ಣು ಪೊರೆ ಬಿಟ್ಟಮೇಲೆ ಗಂಡನ್ನು ಅದರ ಡಬ್ಬಿಗೆ ಬಿಟ್ಟಳು. ಜೂನ್ ಮೊದಲ ವಾರ, ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿದು ಕೆಳಗಿಳಿದು ನೋಡಿದರೆ, ಒದ್ದೆ ಪಾಚಿ ತುಂಬಿದ ಪೆಟ್ಟಿಗೆಯಲ್ಲಿ ಹೆಣ್ಣು ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿತ್ತು. ಹದಿನೇಳು ಮೊಟ್ಟೆ. ಸಿಂಧು ಎರಡು ಸಲ ಎಣಿಸಿದಳು.

ಹನ್ನೆರಡು ಬೆಳ್ಳಗೆ ತುಂಬಿಕೊಂಡಿದ್ದವು. ಐದು ಸಣ್ಣವು, ಹಳದಿ, ಗಟ್ಟಿ. ಫೋಟೋ ತೆಗೆದು ಡೆನೀಸ್‌ಗೆ ಕಳಿಸಿದಳು. ಡೆನೀಸ್ ತಕ್ಷಣ ಫೋನ್ ಮಾಡಿದಳು.

"ಆ ಐದು ಗೊಡ್ಡು. ಎತ್ತಿ ಹಾಕ್ಬಿಡು."

"ಯಾಕೆ ಹಾಗಾಯ್ತು? ನಾನು ಚಳಿಗಾಲದಲ್ಲಿ ಏನಾದ್ರೂ ತಪ್ಪು ಮಾಡಿದ್ನಾ? ಊಟ ಕಡಿಮೆ ಆಯ್ತಾ?"

"ಏನೂ ಇಲ್ಲ. ಕೆಲವು ಹಾಗೇ ಬರುತ್ತೆ. ಯಾರ ತಪ್ಪೂ ಅಲ್ಲ."

ಡೆನೀಸ್ ಅಷ್ಟು ಹೇಳಿ ಇನ್‌ಕ್ಯುಬೇಟರಿನ ವಿಷಯಕ್ಕೆ ಹೋದಳು. ಸಿಂಧುವಿಗೆ ಮುಂದಿನದು ಕೇಳಿಸಲಿಲ್ಲ. ಬೇಸ್‌ಮೆಂಟಿನ ಸಿಮೆಂಟು ನೆಲದ ಮೇಲೆ ಕೂತುಬಿಟ್ಟಳು. ಯಾರ ತಪ್ಪೂ ಅಲ್ಲ. ಎಷ್ಟು ಸಲೀಸಾಗಿ ಅಂದುಬಿಟ್ಟಳು! ಹದಿನೆಂಟು ವರ್ಷದಲ್ಲಿ ಅವಳ ಕಡೆಯವರು, ಗಂಡನ ಕಡೆಯವರು, ಜೋಯಿಸರು, ಸ್ನೇಹಿತೆಯರು, ಒಬ್ಬರಾದರೂ ಈ ಮೂರು ಮಾತು ಅಂದಿರಲಿಲ್ಲ. ಅವಳೂ ತನಗೆ ತಾನು ಅಂದುಕೊಂಡಿರಲಿಲ್ಲ. ಅವತ್ತು ಅವಳು ಹೊಟ್ಟೆ ತುಂಬ ಅತ್ತಳು. ಅತ್ತು, ಎದ್ದು, ಮೂಗು ಒರೆಸಿಕೊಂಡು, ಹನ್ನೆರಡು ಮೊಟ್ಟೆಗಳನ್ನು ಬಂದ ಮಗ್ಗುಲಿನಲ್ಲೇ, ಹೊರಳಿಸದೆ, ಮೊಟ್ಟೆ ಇಡಲೆಂದೇ ಸಿಗುವ ಒದ್ದೆ ಪುಡಿಯ ಮೇಲೆ ಇಟ್ಟು ಎಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್‌ಗೆ ಬಿಟ್ಟಳು. ಇನ್‌ಕ್ಯುಬೇಟರ್ ಅವಳಿಗೆ ಹೊಸದಲ್ಲ. ಲ್ಯಾಬಿನ ಹಾಗೇ ಒಂದು ಪುಸ್ತಕ ನೇತು ಹಾಕಿ, ಬೆಳಿಗ್ಗೆ ಸಂಜೆ ಶಾಖ, ತೇವ ಬರೆದಳು. ಒಂದು ಮೊಟ್ಟೆಗೆ ಬೂಷ್ಟು ಬಂತು. ಹನ್ನೊಂದು ಉಳಿದವು.

ಆಗಸ್ಟಿನಲ್ಲಿ ಹನ್ನೊಂದೂ ಒಡೆದವು. ಮೊದಲು ಸಿಪ್ಪೆಯಲ್ಲಿ ಬ್ಲೇಡಿನಲ್ಲಿ ಗೀರಿದಂಥ ಒಂದು ಗೆರೆ, ಆಮೇಲೆ ಅದರಲ್ಲಿ ಒಂದು ಮೂಗು. ಹಾಗೇ ಒಂದು ದಿನ ಪೂರ್ತಿ ಮೂಗು ಹೊರಗಿಟ್ಟು ಕೂತು, ಮರುದಿನ ಪೆನ್ಸಿಲಿಗಿಂತ ತೆಳುವಾದ ಮರಿಗಳು ಹೊರಬಂದವು. ಕಿಶೋರ ಮೆಟ್ಟಿಲಿನಿಂದ ಇಳಿದು ಬಂದು ಮೊದಲ ಸಲ ಹತ್ತಿರ ನಿಂತ. ಕನ್ನಡಕ ಮೇಲೆ ಸರಿಸಿ ಬಗ್ಗಿ ನೋಡಿದ.

"ಎಷ್ಟು ಮುದ್ದಾಗಿದಾವೆ ಕಣೇ," ಅಂದ. ಆಮೇಲೆ ಸ್ವಲ್ಪ ತಡೆದು, "ಅಂತೂ ದೇವರು ನಿಂಗೆ ಹನ್ನೊಂದು ಮಕ್ಕಳನ್ನ ಕೊಟ್ಟ" ಅಂದ. ಒಳ್ಳೇ ಮನಸ್ಸಿನಿಂದಲೇ ಅಂದದ್ದು.

ಸಿಂಧು ತಿರುಗಿ ನೋಡಿದಳು. "ಹಾಗನ್ಬೇಡ ಕಿಶೋರ್. ನಮಗೆ ಮಕ್ಕಳಾಗ್ಲಿಲ್ಲ. ಅದು ಅದೇ. ಇವು ಹಾವು. ಅದರ ಬದಲಿಗೆ ಇದು ಅಂತ ನಾನು ತಂದಿಲ್ಲ. ನಂಗೆ ಇಷ್ಟ ಅಂತ ತಂದೆ."

ಕಿಶೋರ ಕನ್ನಡಕ ಕೆಳಗಿಳಿಸಿಕೊಂಡ. "ಸರಿ," ಅಂದ. "ತಪ್ಪಾಯ್ತು."

ಮೊದಲ ಪೊರೆ ಬಿಟ್ಟಮೇಲೆ ಹತ್ತು ಮರಿ ಇಲಿಮರಿ ನುಂಗಿದವು. ಒಂದು ಜಪ್ಪಯ್ಯ ಅಂದರೂ ಬಾಯಿ ತೆರೆಯಲಿಲ್ಲ. ಸಿಂಧು ಇಲಿಮರಿಯನ್ನು ಬಿಸಿನೀರಲ್ಲಿ ತೊಳೆದು ಕೊಟ್ಟಳು, ಸಣ್ಣ ಡಬ್ಬಿಯಲ್ಲಿ ಕತ್ತಲೆ ಮಾಡಿ ಕೊಟ್ಟಳು, ಮೂಗಿಗೆ ಮುಟ್ಟಿಸಿ ರೇಗಿಸಿದಳು. ಐದು ವಾರ ಹೀಗೇ ಆಯಿತು. ಆರನೇ ವಾರ ಅದು ಸಿಟ್ಟಿಗೆದ್ದು ಕಚ್ಚಿ, ಕಚ್ಚಿದ್ದನ್ನು ಬಿಡದೆ ನುಂಗಿತು.

ಅಕ್ಟೋಬರಿನಲ್ಲಿ ಶಿಕಾಗೋದ ದಕ್ಷಿಣ ಭಾಗದಲ್ಲಿ ಒಂದು ಎಕ್ಸ್‌ಪೋ ಇತ್ತು. ಹಾವು, ಹಲ್ಲಿ, ಆಮೆ ಸಾಕುವವರೆಲ್ಲ ಸೇರಿ ಮಾರುವ ಸಂತೆ. ಡೆನೀಸ್ ತನ್ನ ಮೇಜಿನಲ್ಲಿ ಅರ್ಧ ಜಾಗ ಸಿಂಧುವಿಗೆ ಕೊಟ್ಟಳು. "ನಿನ್ನದಕ್ಕೆ ಒಂದು ಹೆಸರು ಬೇಕಲ್ಲ, ಬ್ಯಾನರಿಗೆ?" ಅಂದಳು. ಸಿಂಧು ಯೋಚನೆ ಮಾಡಲೇ ಇಲ್ಲ. "ಸರ್ಪದೋಷ," ಅಂದಳು. "ಸರ್ಪದೋಷ, ನಾರ್ತ್‌ವಿಲ್, ಮಿಷಿಗನ್." ಇಂಗ್ಲಿಷಿನಲ್ಲಿ ದೊಡ್ಡದಾಗಿ, ಕೆಳಗೆ ಕನ್ನಡದಲ್ಲಿ ಸ್ವಲ್ಪ ಚಿಕ್ಕದಾಗಿ ಪ್ರಿಂಟ್ ಮಾಡಿಸಿದಳು. ಕಿಶೋರ ಬ್ಯಾನರ್ ನೋಡಿ ತಲೆ ಮೇಲೆ ಕೈ ಹೊತ್ತು, ಆಮೇಲೆ ಅದನ್ನು ಸುರುಳಿ ಸುತ್ತಿ ಕಾರಿನ ಹಿಂದೆ ಇಟ್ಟ.

ಆ ಶನಿವಾರ ಎಕ್ಸ್‌ಪೋ, ಮರುದಿನ ಭಾನುವಾರ ನೇಪರ್‌ವಿಲ್‌ನಲ್ಲಿ ಸಿಯಾಳ ಸೀಮಂತ. ಸಿಯಾಗೆ ಮತ್ತೆ ಗರ್ಭ ನಿಂತು ಆರನೇ ತಿಂಗಳು ನಡೆಯುತ್ತಿತ್ತು. ಎರಡಕ್ಕೂ ಸೇರಿಸಿ ಒಂದೇ ಪ್ರಯಾಣ ಅಂತ ಇಬ್ಬರೂ ಶುಕ್ರವಾರ ಹೊರಟರು. ಶನಿವಾರ ಸಿಂಧು ಮೇಜಿನ ಹಿಂದೆ ನಿಂತಾಗ ಕಿಶೋರ ಸೀಮಂತದ ಹಸಿರು ಬಳೆ ತರಲು ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂಗೆ ಹೋದ. ಪಾರ್ಕಿಂಗ್ ಸಿಗದೆ ನಾಲ್ಕು ಸುತ್ತು ಹೊಡೆದೆ ಅಂತ ಅಲ್ಲಿಂದಲೇ ಫೋನ್ ಮಾಡಿ ಗೊಣಗಿದ.

ಮೇಜಿನ ಮುಂದೆ ಜನ ನಿಂತರು. ಹೆಸರಿನ ಅರ್ಥ ಕೇಳಿದವರಿಗೆಲ್ಲ ಸಿಂಧು "ಹಾವಿನ ಶಾಪ ಅಂತ ಅರ್ಥ" ಅನ್ನುತ್ತಿದ್ದಳು. ಅವರು ಭಲೇ ಅಂತ ನಗುತ್ತಿದ್ದರು. ಮರಿ ತಗೊಂಡವರಿಗೆ ಊಟದ ದಿನ, ಶಾಖ, ಡಬ್ಬಿಯ ಅಳತೆ ಹೇಳಿ, ತಾನೇ ಬರೆದ ಚೀಟಿ ಕೊಟ್ಟಳು. ಹದಿಮೂರರ ಒಬ್ಬ ಹುಡುಗಿ ಅಪ್ಪನ ಜೊತೆ ಬಂದು ಇಪ್ಪತ್ತು ಪ್ರಶ್ನೆ ಕೇಳಿದಳು. ಅವಳಿಗೆ ಆ ಹಟಮಾರಿ ಮರಿಯನ್ನೇ ಕೊಟ್ಟು, "ಇದು ಜಗಳಗಂಟಿ, ಹುಷಾರು" ಅಂದಳು. ಸಂಜೆಯ ಹೊತ್ತಿಗೆ ಏಳು ಮರಿ ಹೋದವು, ನಾಲ್ಕು ಉಳಿದವು.

ಮಧ್ಯಾಹ್ನ ಒಬ್ಬ ಗಂಡಸು ಬ್ಯಾನರ್ ಮುಂದೆ ನಿಂತು, ಕನ್ನಡ ಅಕ್ಷರ ಓದಿ, ಸಿಂಧುವನ್ನು ಮೇಲಿನಿಂದ ಕೆಳಗೆ ನೋಡಿ, ಮಾತಾಡದೆ ಫೋಟೋ ತೆಗೆದುಕೊಂಡು ಹೋಗಿದ್ದ. ಆ ಫೋಟೋ ಶಿಕಾಗೋ ಕನ್ನಡಿಗರ ಎಷ್ಟು ವಾಟ್ಸಾಪ್ ಗುಂಪು ಸುತ್ತಿತೋ, ಸಂಜೆ ಆರಕ್ಕೆ ಹೋಟೆಲಿನ ರೂಮಿಗೆ ಮಾಳವಿಕಾ ಫೋನ್ ಮಾಡಿದಳು.

"ಸಿಂಧು, ಇದೇನು ಹೀಗೆ ಮಾಡಿದೀಯ? ಚಂದ್ರು ಮಾವ ಅದನ್ನ ನೋಡಿದಾಗಿಂದ ಊಟ ಬಿಟ್ಟು ಕೂತಿದಾರೆ. ದೇವರನ್ನ ಅಣಕಿಸಿದೀಯ ಅಂತಿದಾರೆ."

"ದೇವರನ್ನ ಅಣಕಿಸಿಲ್ಲ ಅತ್ತಿಗೆ. ನಾಗರಪಂಚಮಿ ದಿನ ನಮ್ಮನೇಲಿ ಪೂಜೆ ಆಗಿದೆ, ತಂಬಿಟ್ಟೂ ಆಗಿದೆ. ನಾನು ಅಣಕಿಸಿರೋದು ದೋಷಾನ."

ಮಾಳವಿಕಾ ದನಿ ತಗ್ಗಿಸಿ, "ನೋಡು, ತಪ್ಪು ತಿಳ್ಕೋಬೇಡ. ನಾಳೆ ಶಾಸ್ತ್ರ ಹತ್ತೂವರೆಗೆ. ನೀವು ಒಂದು ಗಂಟೆಗೆ ಬನ್ನಿ, ಊಟದ ಹೊತ್ತಿಗೆ. ಒಂದು ಸಲ ಕಳ್ಕೊಂಡಿರೋ ಹುಡುಗಿ ಅವಳು. ನಂಗೆ ಭಯ ಆಗುತ್ತೆ" ಅಂದಳು.

ಫೋನ್ ಸ್ಪೀಕರಿನಲ್ಲಿತ್ತು. ಕಿಶೋರ ಬಳೆಯ ಡಬ್ಬಿ ಕೈಯಲ್ಲಿ ಹಿಡಿದು ಮಂಚದ ಮೇಲೆ ಕೂತಿದ್ದ. ಅವನ ಮುಖ ಸಣ್ಣದಾಯಿತು.

"ಹತ್ತೂವರೆಗೆ ಬರ್ತೀವಿ ಅತ್ತಿಗೆ," ಅಂದಳು ಸಿಂಧು. ಫೋನ್ ಇಟ್ಟಳು.

ಭಾನುವಾರ ಬೆಳಿಗ್ಗೆ ಮೂವತ್ತಾರು ಡಿಗ್ರಿ ಫ್ಯಾರನ್‌ಹೀಟ್ ಚಳಿ. ಸೋಮವಾರ ಇಬ್ಬರಿಗೂ ಕೆಲಸವಿದ್ದದ್ದರಿಂದ ಊಟ ಮುಗಿಸಿ ಸೀದಾ ನಾರ್ತ್‌ವಿಲ್‌ಗೆ ಹೊರಡಬೇಕು. ಹೋಟೆಲ್ ಖಾಲಿ ಮಾಡಿ, ಸಾಮಾನೆಲ್ಲ ಕಾರಿಗೆ ಹಾಕಿದರು. ಸಿಂಧು ಮಾವಿನೆಲೆ ಬಣ್ಣದ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದಳು. ಮಾಳವಿಕಾಳ ಮನೆ ಮುಂದೆ ಇಳಿದು, ಹಿಂದಿನ ಬಾಗಿಲು ತೆರೆದು, ನಾಲ್ಕು ಮರಿಗಳಿದ್ದ ನೀಲಿ ಪಿಕ್ನಿಕ್ ಪೆಟ್ಟಿಗೆಯನ್ನು ಎತ್ತಿಕೊಂಡಳು.

"ಅದನ್ನ ಯಾಕೆ ತಗೊಂಡೆ?" ಅಂದ ಕಿಶೋರ.

"ಮೂರು ಗಂಟೆ ಈ ಚಳೀಲಿ ಕಾರಲ್ಲಿ ಬಿಟ್ರೆ ಸಾಯುತ್ವೆ."

ಅವನು ಒಂದು ಗಳಿಗೆ ನಿಂತು, ಬಳೆ, ಹಣ್ಣು, ಸೀರೆಯ ತಟ್ಟೆ ಹಿಡಿದು ಅವಳ ಜೊತೆಗೇ ನಡೆದ.

ಒಳಗೆ ಮೂವತ್ತು ಮಂದಿ ಇದ್ದರು. ನಡುಮನೆಯಲ್ಲಿ ಸಿಯಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು, ಬೆನ್ನಿಗೆ ದಿಂಬು ಒತ್ತಿಕೊಂಡು. ಪಕ್ಕದ ಆರಾಮಕುರ್ಚಿಯಲ್ಲಿ ಚಂದ್ರಮೌಳಿ, ಪಂಚೆ, ಶಲ್ಯ. ಮಾಳವಿಕಾ ಬಾಗಿಲಿಗೆ ಓಡಿ ಬಂದವಳು ಪೆಟ್ಟಿಗೆ ನೋಡಿ ಅಲ್ಲೇ ನಿಂತಳು.

"ಅದರಲ್ಲಿ... ಅದೇನಾ?"

"ನಾಲ್ಕಿದಾವೆ. ಎರಡು ಮುಚ್ಚಳ ಇದೆ, ಹೊರಗೆ ಬರಲ್ಲ. ಹೊರಗೆ ಚಳಿ."

"ಗರಾಜಲ್ಲಿ ಇಡು. ದಮ್ಮಯ್ಯ."

"ಗರಾಜೂ ಅಷ್ಟೇ ತಣ್ಣಗಿದೆ ಅತ್ತಿಗೆ. ಇದಿದ್ದಲ್ಲಿ ನಾನು. ಹೊರಗೆ ಅಂದ್ರೆ ಇಬ್ಬರೂ ಹೊರಗೆ."

ಸದ್ದಿಗೆ ಎಲ್ಲರೂ ತಿರುಗಿದ್ದರು. ಚಂದ್ರಮೌಳಿ ಕುರ್ಚಿಯಿಂದ ಎದ್ದು ನಿಂತರು. ಸಿಟ್ಟಿಗಿಂತ ನೋವೇ ಹೆಚ್ಚಾಗಿದ್ದ ದನಿಯಲ್ಲಿ, "ಸಿಂಧು, ಇಷ್ಟು ವರ್ಷ ನಿನ್ನ ಒಳ್ಳೇದಕ್ಕೇ ಹೇಳಿದೆ ನಾನು. ಹಾವನ್ನ ಡಬ್ಬೀಲಿ ಕೂಡಿಹಾಕಿ, ಸಂತೇಲಿ ಮಾರಿ, ಅದನ್ನ ಗರ್ಭಿಣಿ ಇರೋ ಮನೆಗೂ ತಂದಿದೀಯ. ಇದಕ್ಕಿಂತ ಇನ್ನೇನು ಬೇಕು ದೋಷ ಹೆಚ್ಚೋಕೆ?" ಅಂದರು.

ಸಿಂಧು ಪೆಟ್ಟಿಗೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ಮಾವ, ನೀವು ಡಾಕ್ಟರು. ನನ್ನ ರಿಪೋರ್ಟು ಎಲ್ಲಾ ನಿಮಗೇ ಮೊದಲು ತೋರಿಸಿದ್ವಿ. ಕಾರಣ ಗೊತ್ತಿಲ್ಲ ಅಂತ ಅದರಲ್ಲಿ ಬರೆದಿತ್ತು. ಗೊತ್ತಿಲ್ಲ ಅನ್ನೋ ಒಂದು ಮಾತು ನಿಮ್ಮ ಬಾಯಲ್ಲಿ ಬರ್ಲಿಲ್ಲ. ಅದಕ್ಕೆ ಹಾವಿನ ಮೇಲೆ ಹಾಕಿದ್ರಿ, ಹಾವನ್ನ ತಂದು ನನ್ನ ಮೇಲೆ ಹಾಕಿದ್ರಿ. ನಾನು ಹೊತ್ಕೊಂಡೆ. ಹಿಟ್ಟಿನ ಹಾವಿಗೆ ಸೂತಕ ಹಿಡಿ ಅಂದ್ರಿ, ಹಿಡಿದೆ. ಮೂರು ಸಲ ನನ್ನ ಹೊಟ್ಟೇಲಿ ಹೋಯ್ತಲ್ಲ, ಅದಕ್ಕೆ ಸೂತಕ ಹಿಡಿ ಅಂತ ಯಾರೂ ಹೇಳ್ಲಿಲ್ಲ. ಅದನ್ನೂ ಸಹಿಸ್ಕೊಂಡೆ. ಆದ್ರೆ ಸಿಯಾ ಮಗು ಹೋದಾಗ ಅದೂ ನನ್ನ ದೋಷದಿಂದ ಅಂದ್ರಲ್ಲ ಮಾವ, ಅದನ್ನ ಹೊರಲ್ಲ ನಾನು. ಅದು ನನ್ನ ತಪ್ಪಲ್ಲ. ಅವಳದ್ದೂ ಅಲ್ಲ. ಹಾವಿಂದಂತೂ ಅಲ್ಲವೇ ಅಲ್ಲ."

ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸಲ ಕೂಗಿ ಸುಮ್ಮನಾಯಿತು.

"ವೆಯ್ಟ್," ಅಂದಳು ಸಿಯಾ ಮಣೆಯ ಮೇಲಿಂದ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ತಾತನ ಕಡೆ ತಿರುಗಿ, ನನ್ನ ಮಗು ಹೋದದ್ದು ಅತ್ತೆಯಿಂದ ಅಂತ ನೀವು ಅವರಿಗೆ ಹೇಳಿದಿರಾ, ಅಂತ ಕೇಳಿದಳು. ಚಂದ್ರಮೌಳಿ ಕಿಟಕಿಯ ಕಡೆ ತಿರುಗಿದರು. ಅಮ್ಮನ ಕಡೆ ತಿರುಗಿ, ನಿನಗೆ ಇದು ಗೊತ್ತಿತ್ತಾ, ಅಂದಳು. ಮಾಳವಿಕಾ ನೆಲ ನೋಡಿದಳು.

ಸಿಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಕಣ್ಣು ತುಂಬಿದ್ದವು. ಆಮೇಲೆ ತನಗೆ ಬರುವ ಮುರುಕು ಕನ್ನಡದಲ್ಲೇ, ಎಲ್ಲರಿಗೂ ಕೇಳುವ ಹಾಗೆ, "ಸಿಂಧು ಅತ್ತೆ, ನೀವು ಬನ್ನಿ. ಬಳೆ ನೀವು ಹಾಕಿ. ಫಸ್ಟ್ ನೀವೇ" ಅಂದಳು.

ಸಿಂಧು ಹೆಜ್ಜೆ ಮುಂದಿಟ್ಟಳು. ಪೆಟ್ಟಿಗೆಯ ನೆನಪಾಗಿ ನಿಂತಳು. ಸುತ್ತಲೂ ನೋಡಿದಳು. ಯಾರೂ ಕೈ ಚಾಚಲಿಲ್ಲ. ಆಗ ಕಿಶೋರ ತಟ್ಟೆಯನ್ನು ಸೋಫಾದ ಮೇಲಿಟ್ಟು ಅವಳ ಹತ್ತಿರ ಬಂದ. ಒಂದೂವರೆ ವರ್ಷದಲ್ಲಿ ಒಂದು ಡಬ್ಬಿಯನ್ನೂ ಮುಟ್ಟದವನು ಎರಡೂ ಕೈ ಚಾಚಿ ಪೆಟ್ಟಿಗೆ ತಗೊಂಡ. ಅವನ ಹಣೆ ಬೆವೆತಿತ್ತು.

"ಮಾವ," ಅಂದ. ಜೀವನದಲ್ಲಿ ಮೊದಲ ಸಲ ಅವರೆದುರು ಅವನ ದನಿ ಗಟ್ಟಿಯಾಗಿತ್ತು. "ಇದನ್ನ ಹದಿನೆಂಟು ವರ್ಷದ ಹಿಂದೆ ನಾನು ಹೇಳ್ಬೇಕಾಗಿತ್ತು. ಹೇಳ್ಲಿಲ್ಲ. ಇವತ್ತು ಅವಳು ಹೇಳಿದ್ದು ನಂದೂ ಅಂತ ತಿಳ್ಕೊಳ್ಳಿ."

ಚಂದ್ರಮೌಳಿ ಶಲ್ಯ ಸರಿಮಾಡಿಕೊಂಡು ಮಹಡಿಗೆ ಹತ್ತಿ ಹೋದರು. ಊಟಕ್ಕೂ ಇಳಿಯಲಿಲ್ಲ. ಸಿಂಧು ಮಣೆಯ ಮುಂದೆ ಕೂತು, ಸಿಯಾಳ ಕೈ ಹಿಡಿದು, ಬೆರಳು ಒತ್ತಿ ಒತ್ತಿ ಒಂದೊಂದೇ ಹಸಿರು ಬಳೆ ಏರಿಸಿದಳು. ಒಂದೂ ಒಡೆಯಲಿಲ್ಲ. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದರು; ಇಬ್ಬರು ಮಾತ್ರ ದೂರವೇ ನಿಂತರು. ಹಾಡು ಯಾರೋ ಶುರು ಮಾಡಿದರು. ಕಿಶೋರ ಮೂಲೆಯಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಲುಗಾಡದೆ, ಊಟದ ಕರೆ ಬರುವವರೆಗೂ ಕೂತಿದ್ದ.

ಹೊರಡುವಾಗ ಮಾಳವಿಕಾ ಬಾಗಿಲವರೆಗೆ ಬಂದಳು. ಕಣ್ಣು ಕೆಂಪಾಗಿತ್ತು. "ನನ್ನ ಮಗಳ ಸೀಮಂತದ ದಿನವೇ ಬೇಕಿತ್ತಾ ನಿಂಗೆ ಇದು?"

"ಒಂದು ಗಂಟೆಗೆ ಬನ್ನಿ ಅಂದಿದ್ದು ನೀವು ಅತ್ತಿಗೆ," ಅಂದಳು ಸಿಂಧು. ಕ್ಷಮಿಸಿ ಅನ್ನಲಿಲ್ಲ. ಕಾರು ಇಂಡಿಯಾನಾ ಗಡಿ ದಾಟಿತು. ಕಿಶೋರ ಹೀಟರನ್ನು ಎರಡು ಗೆರೆ ಹೆಚ್ಚು ಮಾಡಿ, "ಹಿಂದೆ ಅವಕ್ಕೆ ಸಾಕಾ ಇಷ್ಟು?" ಅಂತ ಕೇಳಿದ.

ಆಮೇಲೆ ಮಾಳವಿಕಾ ಫೋನ್ ಮಾಡಲಿಲ್ಲ. ಚಂದ್ರಮೌಳಿಯವರಂತೂ ಮಾಡಲೇ ಇಲ್ಲ. ನಾರ್ತ್‌ವಿಲ್‌ನಲ್ಲೂ ಸುದ್ದಿ ಮುಟ್ಟಿ, ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದ ಎರಡು ಮನೆಯವರು ಆ ಸಲ ಕರೆಯುವುದನ್ನು ಮರೆತರು. ಸಿಂಧು ಅದಕ್ಕೆ ಸೊಪ್ಪು ಹಾಕಲಿಲ್ಲ. ಉಳಿದ ನಾಲ್ಕು ಮರಿಗಳಲ್ಲಿ ಒಳ್ಳೆಯ ಬಣ್ಣದ ಎರಡು ಹೆಣ್ಣನ್ನು ತನಗೇ ಇಟ್ಟುಕೊಂಡು, ಎರಡನ್ನು ಲ್ಯಾಬಿನವರಿಗೆ ಕೊಟ್ಟಳು. ಜನವರಿಯಲ್ಲಿ ಸಿಯಾಗೆ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯಿಂದ ಮೊದಲ ಫೋಟೋ ಕಳಿಸಿದ್ದು ಸಿಯಾಳೇ.

ಫೆಬ್ರವರಿ ಕೊನೆಯ ಶನಿವಾರ ಮಧ್ಯಾಹ್ನ ಸಿಂಧು ಬೇಸ್‌ಮೆಂಟಿನಲ್ಲಿ ಹಾವುಗಳನ್ನು ಚಳಿನಿದ್ದೆಯಿಂದ ಎಬ್ಬಿಸಿ, ಬೆಚ್ಚನೆ ಡಬ್ಬಿಗಳಿಗೆ ಬದಲಾಯಿಸುತ್ತಿದ್ದಳು. ಕಿಶೋರ ಮುಖ ಕಿವುಚಿಕೊಂಡು ಇಲಿಗಳನ್ನು ಬಿಸಿನೀರಿನ ಪಾತ್ರೆಗೆ ಹಾಕುತ್ತಿದ್ದ. ಫೋನ್ ಬಂತು. ಮಾಳವಿಕಾ.

"ಹೇಗಿದೀಯ ಸಿಂಧು?"

"ಚೆನ್ನಾಗಿದೀನಿ ಅತ್ತಿಗೆ. ಮಗು ಹೇಗಿದೆ?"

"ಚೆನ್ನಾಗಿದೆ." ಮಾಳವಿಕಾ ಮಾತು ಮುಂದುವರಿಸಿದಳು. "ನಾಮಕರಣ ಇಟ್ಕೊಂಡಿದೀವಿ, ಏಪ್ರಿಲ್ ಮೊದಲ ಶನಿವಾರ. ನೀನು ಬಂದ್ರೆ ತಾವು ಬರಲ್ಲ ಅಂತಾರೆ ಮಾವ. ನಾನು... ಅವರಿಷ್ಟ ಅಂತ ಹೇಳ್ಬಿಟ್ಟೆ. ನೀವು ಹಿಂದಿನ ದಿನವೇ ಬಂದ್ಬಿಡಿ. ನಮ್ಮನೇಲೇ ಇರಿ."

ಸಿಂಧು ಕೈಯಲ್ಲಿದ್ದ ಹೆಣ್ಣು ಹಾವನ್ನು ಮೆಲ್ಲಗೆ ಡಬ್ಬಿಗೆ ಇಳಿಸಿದಳು. ಗೋಡೆಯ ಮೇಲಿದ್ದ ತನ್ನ ಪಟ್ಟಿ ನೋಡಿದಳು.

"ಬರ್ತೀವಿ ಅತ್ತಿಗೆ, ಖಂಡಿತ. ಆದ್ರೆ ಮೊದಲ ಶನಿವಾರ ಆಗಲ್ಲ. ಆ ವಾರ ಹಾವುಗಳನ್ನ ಜೋಡಿ ಬಿಡ್ಬೇಕು, ನಾನು ಮನೇಲಿರ್ಬೇಕು. ಎರಡನೇ ಶನಿವಾರ ಇಟ್ಕೊಳ್ಳೋಕಾಗುತ್ತಾ?"

ಕಿಶೋರ ಚಿಮ್ಮಟ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಹೆಂಡತಿಯನ್ನು ನೋಡಿದ.

"ತಡಿ," ಅಂದಳು ಮಾಳವಿಕಾ ಕೊನೆಗೆ. "ಪಂಚಾಂಗ ನೋಡಿ ಹೇಳ್ತೀನಿ."